ಗೊದಮೊಟ್ಟೆಗೂ ಹಣ್ಣಿನ ನೊಣಕ್ಕೂ ಏನು ನಂಟು?

ಮೃಗಶಿರ ಮಳೆ ಹಿಡಿದು ನಾಲ್ಕು ದಿನ ಕಳೆಯಿತೆಂದರೆ ಶಿರಸಿ, ಸಿದ್ದಾಪುರ ಕಡೆಯ ಅಡಿಕೆ ತೋಟಗಳ ಕಾದಿಗೆಯಲ್ಲಿ, ಅಂದರೆ ನೀರು ಹರಿಯುವ ಕಾಲುವೆಯಲ್ಲಿ, ಗೊದಮೊಟ್ಟೆಗಳು ಓಡಾಡತೊಡಗುತ್ತವೆ. ಅಷ್ಟೊತ್ತಿಗೆ ಹಲಸಿನ ಕಾಲವೂ ಮುಗಿಯುತ್ತ ಬಂದಿರುತ್ತದೆ. ಸೊಳೆ ಬಿಡಿಸಿ ಹಿತ್ತಲಿಗೆ ಎಸೆದ ಸಿಪ್ಪೆ, ಗೂಂಜಿನ ಮೇಲೆ ಕೆಂಗಣ್ಣಿನ ಸಣ್ಣ ನೊಣಗಳು ಏಳುತ್ತವೆ, ಕೂರುತ್ತವೆ. ಒಂದು ಬೆನ್ನೆಲುಬಿನ ಪ್ರಾಣಿ, ಇನ್ನೊಂದು ಆರು ಕಾಲಿನ ಕೀಟ. ಇವೆರಡರ ವಂಶ ಕವಲೊಡೆದು 50 ಕೋಟಿ ವರ್ಷಕ್ಕೂ ಹೆಚ್ಚಾಯಿತು. ಹಾಗಿದ್ದರೂ ಒಂದು ಮೊಟ್ಟೆ ದೇಹವಾಗುವುದು ಹೇಗೆ ಎಂಬ ಪ್ರಶ್ನೆ ಹಿಡಿದು ಹೊರಟ ಜೀವಶಾಸ್ತ್ರಜ್ಞರು ನೂರು ವರ್ಷಗಳಿಂದ ಮತ್ತೆ ಮತ್ತೆ ಬಂದು ನಿಂತದ್ದು ಈ ಎರಡು ಪ್ರಾಣಿಗಳ ಮುಂದೆಯೇ.

ಇವುಗಳ ಹೋಲಿಕೆಯನ್ನು ಪಟ್ಟಿ ಮಾಡಿ ಕೊಡುವುದು ಕಷ್ಟವೇನಲ್ಲ, ಆದರೆ ಪಟ್ಟಿಯಿಂದ ವಿಷಯ ತಿಳಿಯುವುದಿಲ್ಲ. ನಮ್ಮ ಮನೆಗಳ ಆಸ್ತಿಯಲ್ಲಿ ಪಿತ್ರಾರ್ಜಿತ, ಸ್ವಯಾರ್ಜಿತ ಎಂದು ಎರಡು ಬಗೆ ಇರುತ್ತದಲ್ಲ, ಇಲ್ಲಿಯೂ ಹಾಗೆಯೇ. ಕೆಲವು ಸಂಗತಿಗಳು ಕಪ್ಪೆಗೂ ನೊಣಕ್ಕೂ ಒಂದೇ ಪೂರ್ವಜನಿಂದ ಇಳಿದು ಬಂದಿವೆ. ಕೆಲವನ್ನು ಎರಡೂ ವಂಶಗಳು ಬೇರೆ ಬೇರೆ ಕಾಲದಲ್ಲಿ, ಒಂದಕ್ಕೊಂದು ಸಂಬಂಧವಿಲ್ಲದೆ ತಾವೇ ಗಳಿಸಿಕೊಂಡಿವೆ. ಯಾವುದು ಯಾವ ಲೆಕ್ಕಕ್ಕೆ ಸೇರಿದ್ದು ಎಂದು ಬಿಡಿಸಿ ನೋಡಿದಾಗಲೇ ಇದರ ಸ್ವಾರಸ್ಯ ಸಿಗುವುದು. ಕಣ್ಣಿಗೆ ಢಾಳಾಗಿ ಕಾಣುವ ಹೋಲಿಕೆ ಸ್ವಯಾರ್ಜಿತವಾಗಿರುತ್ತದೆ, ಕಾಣದೆ ಒಳಗೆ ಅಡಗಿರುವುದು ಪಿತ್ರಾರ್ಜಿತವಾಗಿರುತ್ತದೆ.

ಯಾವ ನೊಣದ ಮಾತು ಎಂಬುದು ಮೊದಲು ಸ್ಪಷ್ಟವಾಗಲಿ. ಅಂಕೋಲೆಯ ಕರಿ ಇಶಾಡ ಮಾವನ್ನು ಹೆಚ್ಚಿದಾಗ ಒಳಗೆ ಹುಳು ಕಂಡರೆ ಅದು ಬೇರೆಯೇ ನೊಣದ ಕೆಲಸ. ಬ್ಯಾಕ್ಟ್ರೊಸೆರಾ ಎಂಬ ಆ ನೊಣ ಹೆಚ್ಚು ಕಡಿಮೆ ಮನೆನೊಣದಷ್ಟು ದೊಡ್ಡದು, ಮರದಲ್ಲಿರುವ ಹಣ್ಣಿಗೇ ಚುಚ್ಚಿ ಮೊಟ್ಟೆಯಿಡುತ್ತದೆ. ಮಾವಿನ ತೋಟದಲ್ಲಿ ಮೋಹಕ ಬಲೆ ಕಟ್ಟುವುದು ಅದಕ್ಕಾಗಿ. ನಾನು ಹೇಳುತ್ತಿರುವುದು ಡ್ರೊಸೊಫಿಲದ ಬಗ್ಗೆ. ಎರಡು ಮೂರು ಮಿಲಿಮೀಟರ್ ಉದ್ದ, ಕೊಳೆತ ಹಣ್ಣಿನ ಮೇಲೆ ಬೆಳೆಯುವ ಯೀಸ್ಟ್ ಅದರ ಆಹಾರ, ಬೆಳೆಗೆ ಅದರಿಂದ ತೊಂದರೆ ತೀರಾ ಕಡಿಮೆ. ಉಭಯವಾಸಿಗಳಲ್ಲಿಯೂ ಕಪ್ಪೆ ಒಂದೇ ಅಲ್ಲ. ತೋಟದ ಮಣ್ಣಿನಲ್ಲಿ ಸಿಗುವ ಕಾಲಿಲ್ಲದ ಸಿಸಿಲಿಯನ್ ಕೂಡ ಉಭಯವಾಸಿಯೇ. ಹಾವಿನ ಮರಿಯೆಂದು ಅದನ್ನು ಹೊಡೆದು ಕೊಲ್ಲುವುದು ಈಗಲೂ ನಿಂತಿಲ್ಲ. ಅದು ಕಚ್ಚಿ ವಿಷ ಏರಿಸುವ ಪ್ರಾಣಿಯಲ್ಲ, ದಯವಿಟ್ಟು ಬಿಟ್ಟುಬಿಡಿ.

ಈಗ ರೂಪಾಂತರದ ವಿಷಯ. ಗಾಜಿನ ಸೀಸೆಯಲ್ಲಿ ಕಳಿತ ಬಾಳೆಹಣ್ಣಿನ ಚೂರು ಹಾಕಿಟ್ಟು, ನೊಣ ಬಂದು ಕೂತ ಮೇಲೆ ಬಾಯಿಗೆ ತೆಳು ಬಟ್ಟೆ ಕಟ್ಟಿದರೆ ಅದರ ಇಡೀ ಬದುಕು ಕಣ್ಣೆದುರಿಗೇ ನಡೆಯುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೊಟ್ಟೆಯಿಂದ ರೆಕ್ಕೆಯ ನೊಣದವರೆಗೆ ಸುಮಾರು 10 ದಿನ. ಮೊಟ್ಟೆ ಅರ್ಧ ಮಿಲಿಮೀಟರ್ ಉದ್ದ. ಭೂತಗನ್ನಡಿಯಲ್ಲಿ ನೋಡಿದರೆ ಅದರ ಒಂದು ತುದಿಯಿಂದ ಎರಡು ಬಿಳಿ ಎಳೆಗಳು ಹೊರಕ್ಕೆ ಚಾಚಿರುವುದು ಕಾಣುತ್ತದೆ. ಒದ್ದೆ ತಿರುಳಿನಲ್ಲಿ ಮೊಟ್ಟೆ ಹೂತುಹೋದರೂ ಆ ಎಳೆಗಳ ಮೂಲಕ ಗಾಳಿ ಒಳಗೆ ಹೋಗುತ್ತದೆ. ಒಂದು ದಿನಕ್ಕೆ ಮರಿಹುಳು ಹೊರಬರುತ್ತದೆ, ಎರಡು ಸಲ ಪೊರೆ ಕಳಚುತ್ತದೆ, ಹಗಲೂ ರಾತ್ರಿ ತಿನ್ನುತ್ತದೆ. ಆಮೇಲೆ ಒಮ್ಮೆಗೇ ತಿನ್ನುವುದನ್ನು ಬಿಟ್ಟು ಸೀಸೆಯ ಗೋಡೆ ಹತ್ತಿ, ಒಣ ಜಾಗ ಹುಡುಕಿ ನಿಂತುಬಿಡುತ್ತದೆ. ಅದರ ಚರ್ಮವೇ ಗಟ್ಟಿಯಾಗಿ ಕಂದು ಬಣ್ಣದ ಕೋಶವಾಗುತ್ತದೆ. ಹೊರಬರುವ ಹಿಂದಿನ ದಿನ ಆ ಕೋಶದ ಗೋಡೆಯ ಮೂಲಕ ಕೆಂಪು ಕಣ್ಣು, ಮಡಚಿಟ್ಟ ಕಪ್ಪು ರೆಕ್ಕೆ ಕಾಣುತ್ತವೆ.

ಕಾದಿಗೆಯ ಗೊದಮೊಟ್ಟೆಗೆ ಮೊದಲು ಹಿಂಗಾಲು ಮೂಡುತ್ತದೆ. ಮುಂಗಾಲು ಚರ್ಮದ ಒಳಗೇ ಬೆಳೆದಿದ್ದು, ತಯಾರಾದ ಮೇಲೆ ತೂರಿಕೊಂಡು ಹೊರಬರುತ್ತದೆ. ಪಾಚಿ ಕೆರೆಯುತ್ತಿದ್ದ ಗಟ್ಟಿ ತುಟಿ ಕಳಚಿ ಬಾಯಿ ಅಗಲವಾಗುತ್ತದೆ. ಸುರುಳಿ ಸುತ್ತಿಕೊಂಡಿದ್ದ ಉದ್ದ ಕರುಳು ಕುಗ್ಗಿ ಮೋಟಾಗುತ್ತದೆ, ಏಕೆಂದರೆ ಇನ್ನು ಮುಂದೆ ತಿನ್ನಬೇಕಾದದ್ದು ಹುಳುಹುಪ್ಪಟೆ. ಕಿವಿರು ಇಲ್ಲವಾಗುತ್ತದೆ. ಬಾಲ ಕಳಚಿ ಬೀಳುತ್ತದೆ ಎಂದು ಹಲವರು ತಿಳಿದಿದ್ದಾರೆ. ಅದು ಬೀಳುವುದಿಲ್ಲ, ಕರಗುತ್ತದೆ. ಬಾಲದ ಜೀವಕೋಶಗಳು ತಮ್ಮನ್ನು ತಾವೇ ಕಡಿದುಕೊಂಡು ಸಾಯುತ್ತವೆ, ಅದರ ಸಾರ ದೇಹಕ್ಕೇ ಸೇರುತ್ತದೆ. ಬಾಯಿ ಬದಲಾಗುವ ಈ ದಿನಗಳಲ್ಲಿ ಗೊದಮೊಟ್ಟೆಯೂ ಆಹಾರ ಮುಟ್ಟುವುದಿಲ್ಲ. ಕೋಶದೊಳಗೆ ನೊಣದ ಮರಿಹುಳುವಿನ ಲಾಲಾಗ್ರಂಥಿಗೂ ಬಹುಪಾಲು ಸ್ನಾಯುಗಳಿಗೂ ಆಗುವುದು ಇದೇ ಗತಿ. ಕಡಿಯುವ ಕೆಲಸ ಮಾಡುವ ಕ್ಯಾಸ್ಪೇಸ್ ಎಂಬ ಕಿಣ್ವಗಳು ಎರಡರಲ್ಲೂ ಒಂದೇ ಕುಟುಂಬದವು.

ವ್ಯತ್ಯಾಸವೂ ಇದೆ. ಕಪ್ಪೆ ಹಳೆಯ ದೇಹವನ್ನೇ ಬಹುಮಟ್ಟಿಗೆ ತಿದ್ದಿಕೊಳ್ಳುತ್ತದೆ. ನೊಣ ಹೆಚ್ಚಿನದನ್ನು ಕೆಡವಿ ಹೊಸದಾಗಿ ಕಟ್ಟುತ್ತದೆ. ಮರಿಹುಳುವಿನ ಒಳಗೆ ಚಪ್ಪಟೆ ಚೀಲದಂಥ ಸಣ್ಣ ಸಣ್ಣ ಜೀವಕೋಶ ಗುಂಪುಗಳು ಮೊದಲಿನಿಂದಲೇ ಮೀಸಲಿರುತ್ತವೆ, ಒಂದು ಗುಂಪು ರೆಕ್ಕೆಗೆ, ಒಂದು ಕಾಲಿಗೆ, ಒಂದು ಕಣ್ಣಿಗೆ. ಕೋಶಾವಸ್ಥೆಯಲ್ಲಿ ಅವು ಬಿಚ್ಚಿಕೊಂಡು ಬೆಳೆಯುತ್ತವೆ.

ಈ ಬದಲಾವಣೆಗೆ ಅಪ್ಪಣೆ ಕೊಡುವುದು ಯಾರು? ಕಪ್ಪೆಯ ಮಟ್ಟಿಗೆ ಉತ್ತರ ಸಿಕ್ಕಿದ್ದು 1912ರಲ್ಲಿ. ಗುಡರ್‌ನಾಚ್ ಎಂಬ ವಿಜ್ಞಾನಿ ಗೊದಮೊಟ್ಟೆಗಳಿಗೆ ಕುದುರೆಯ ಬೇರೆ ಬೇರೆ ಅಂಗಗಳ ಚೂರು ತಿನ್ನಿಸಿ ನೋಡಿದರು. ಥೈರಾಯ್ಡ್ ಗ್ರಂಥಿ ತಿಂದವು ಬೆಳೆಯುವ ಮೊದಲೇ ರೂಪಾಂತರಗೊಂಡು ಪುಟಾಣಿ ಕಪ್ಪೆಗಳಾದವು. ಥೈರಾಯ್ಡ್ ತೆಗೆದುಹಾಕಿದರೆ ಗೊದಮೊಟ್ಟೆ ಕಪ್ಪೆಯಾಗುವುದೇ ಇಲ್ಲ, ದೊಡ್ಡ ಗೊದಮೊಟ್ಟೆಯಾಗಿ ಬೆಳೆಯುತ್ತಲೇ ಇರುತ್ತದೆ. ನಮ್ಮ ಕುತ್ತಿಗೆಯಲ್ಲಿರುವ ಗ್ರಂಥಿ ಸ್ರವಿಸುವ ಹಾರ್ಮೋನೇ ಅದು. ನೊಣದಲ್ಲಿ ಆ ಕೆಲಸ ಮಾಡುವುದು ಎಕ್‌ಡೈಸೋನ್ ಎಂಬ ಸ್ಟೀರಾಯ್ಡ್. ಎರಡೂ ರಾಸಾಯನಿಕವಾಗಿ ಪೂರ್ತಿ ಬೇರೆ. ಥೈರಾಯ್ಡ್ ಹಾರ್ಮೋನಿಗೆ ಅಯೋಡಿನ್ ಬೇಕು. ಸಾಣಿಕಟ್ಟಾದ ಆಗರದಂಥ ಕಡೆ ಬಿಸಿಲಿಗೆ ಒಣಗಿಸಿ ತೆಗೆದ ಉಪ್ಪಿನಲ್ಲಿ ಅದು ಸಾಲದು ಎಂದೇ ಪ್ಯಾಕೆಟ್ ಉಪ್ಪಿಗೆ ಬೆರೆಸುತ್ತಾರೆ. ಎಕ್‌ಡೈಸೋನಿಗೆ ಬೇಕಾದ್ದು ಸ್ಟೆರಾಲ್, ಅಂದರೆ ಕೊಲೆಸ್ಟೆರಾಲ್ ಬಳಗದ ವಸ್ತು. ಕೀಟಗಳು ಸ್ಟೆರಾಲನ್ನು ತಾವಾಗಿ ತಯಾರಿಸಲಾರವು, ಡ್ರೊಸೊಫಿಲಕ್ಕೆ ಅದು ಯೀಸ್ಟಿನಿಂದ, ಹಣ್ಣಿನಿಂದ ಸಿಗಬೇಕು. ಅಂದರೆ ಕಪ್ಪೆ ಕಪ್ಪೆಯಾಗಲು, ನೊಣ ನೊಣವಾಗಲು ಬೇಕಾದ ಮೂಲವಸ್ತು ಎರಡಕ್ಕೂ ಹೊರಗಿನಿಂದಲೇ ಬರಬೇಕು.

ಹಾರ್ಮೋನ್ ಬೇರೆಯಾದರೂ ಅದು ಕೆಲಸ ಮಾಡುವ ರೀತಿ ಒಂದೇ. ಎರಡೂ ಜೀವಕೋಶದ ಒಳಕ್ಕೆ ಹೋಗಿ, ಡಿಎನ್‌ಎ ಮೇಲೆ ಕುಳಿತ ಗ್ರಾಹಕ ಪ್ರೋಟೀನನ್ನು ಹಿಡಿದು, ಜೀನ್‌ಗಳನ್ನು ಎಬ್ಬಿಸುತ್ತವೆ ಇಲ್ಲವೇ ಮಲಗಿಸುತ್ತವೆ. ಈ ಗ್ರಾಹಕಗಳು ಒಂದೇ ದೊಡ್ಡ ಕುಟುಂಬದವು. ಅದಕ್ಕಿಂತ ಹೆಚ್ಚಿನದೆಂದರೆ, ಥೈರಾಯ್ಡ್ ಗ್ರಾಹಕ ಒಂಟಿಯಾಗಿ ಕೆಲಸ ಮಾಡುವುದಿಲ್ಲ, ಆರ್‌ಎಕ್ಸ್‌ಆರ್ ಎಂಬ ಪ್ರೋಟೀನಿನ ಜೊತೆ ಜೋಡಿಯಾಗುತ್ತದೆ. ಎಕ್‌ಡೈಸೋನ್ ಗ್ರಾಹಕಕ್ಕೂ ಒಬ್ಬ ಜೊತೆಗಾರ ಬೇಕು. ಅಲ್‌ಟ್ರಾಸ್ಪಿರಾಕಲ್ ಎಂಬ ಆ ಜೊತೆಗಾರ ಬೇರೆ ಯಾರೂ ಅಲ್ಲ, ಆರ್‌ಎಕ್ಸ್‌ಆರ್‌ನ ಕೀಟ ರೂಪ.

ಹಾರ್ಮೋನ್ ಜೀನನ್ನು ಎಬ್ಬಿಸುವುದನ್ನು ಕಣ್ಣಾರೆ ನೋಡಬಹುದು. ಪದವಿ ಕಾಲೇಜಿನ ಪ್ರಾಣಿಶಾಸ್ತ್ರ ಪ್ರಯೋಗದಲ್ಲಿ ಇದು ಹಳೆಯ ಪಾಠ. ಸೀಸೆಯ ಗೋಡೆ ಹತ್ತುತ್ತಿರುವ ಮರಿಹುಳುವನ್ನು ಉಪ್ಪುನೀರಿನ ಹನಿಯಲ್ಲಿಟ್ಟು, ಒಂದು ಸೂಜಿಯಿಂದ ಹಿಂಬದಿ ಒತ್ತಿ ಹಿಡಿದು, ಇನ್ನೊಂದರಿಂದ ಬಾಯಿಯ ಕಪ್ಪು ಕೊಕ್ಕೆಯನ್ನು ಮೆಲ್ಲಗೆ ಎಳೆದರೆ ಪಾರದರ್ಶಕವಾದ ಎರಡು ಲಾಲಾಗ್ರಂಥಿಗಳು ಹೊರಬರುತ್ತವೆ. ಬಣ್ಣ ಹಾಕಿ, ಕವರ್‌ಸ್ಲಿಪ್ ಇಟ್ಟು ಹೆಬ್ಬೆರಳಿನಿಂದ ಒತ್ತಿದರೆ ಅಡ್ಡಪಟ್ಟಿಗಳಿರುವ ದಪ್ಪ ಕ್ರೋಮೋಸೋಮುಗಳು ಸಾಧಾರಣ ಸೂಕ್ಷ್ಮದರ್ಶಕದಲ್ಲೇ ಕಾಣುತ್ತವೆ. ಅವುಗಳಲ್ಲಿ ಕೆಲವು ಪಟ್ಟಿಗಳು ಉಬ್ಬಿರುತ್ತವೆ. ಉಬ್ಬಿದ ಕಡೆ ಜೀನ್ ಕೆಲಸ ಮಾಡುತ್ತಿದೆ ಎಂದರ್ಥ. ಎಕ್‌ಡೈಸೋನ್ ಕೊಟ್ಟರೆ ಇಂಥ ಪಟ್ಟಿಗಳು ಉಬ್ಬುತ್ತವೆ ಎಂದು 1960ರಲ್ಲಿ ಕ್ಲೆವರ್ ಮತ್ತು ಕಾರ್ಲ್‌ಸನ್ ಬೇರೊಂದು ಸಣ್ಣ ನೊಣದಲ್ಲಿ ತೋರಿಸಿದರು. ಮೊದಲ ಸಲ ಆ ಉಬ್ಬು ಕಂಡಾಗ ವಿದ್ಯಾರ್ಥಿಗಳು ತಲೆಯೆತ್ತದೆ ನೋಡುತ್ತ ಕೂರುತ್ತಾರೆ. ಪುಸ್ತಕದ ಹತ್ತು ಪುಟಕ್ಕಿಂತ ಆ ಒಂದು ಸ್ಲೈಡ್ ಹೆಚ್ಚು ಕಲಿಸುತ್ತದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಕಪ್ಪೆಗೆ ಎಕ್‌ಡೈಸೋನ್ ಗ್ರಾಹಕವೇ ಇಲ್ಲ. ಇದರಿಂದ ಒಂದು ಪ್ರಯೋಜನವೂ ಆಗಿದೆ. ಟೆಬುಫೆನೊಜೈಡ್‌ನಂಥ ಕೀಟನಾಶಕಗಳು ಎಕ್‌ಡೈಸೋನನ್ನು ಅನುಕರಿಸಿ, ಕಂಬಳಿಹುಳು ಅಕಾಲದಲ್ಲಿ ಪೊರೆ ಬಿಡಲು ಹೋಗಿ ಸಾಯುವಂತೆ ಮಾಡುತ್ತವೆ. ಗೊದಮೊಟ್ಟೆಯ ಒಳಗೆ ಅದಕ್ಕೆ ಹಿಡಿದುಕೊಳ್ಳಲು ಜಾಗವೇ ಸಿಗುವುದಿಲ್ಲ. ಕೊಳೆರೋಗಕ್ಕೆ ನಾವು ಹೊಡೆಯುವ ಬೋರ್ಡೋ ದ್ರಾವಣದ ಮೈಲುತುತ್ತ ಹಾಗಲ್ಲ. ಅದರ ತಾಮ್ರ ಯಾವ ಹಾರ್ಮೋನನ್ನೂ ಹುಡುಕಿಕೊಂಡು ಹೋಗದೆ ಜೀವಕೋಶಕ್ಕೇ ನಂಜಾಗುತ್ತದೆ, ಗೊದಮೊಟ್ಟೆಗೂ. ಔಷಧಿ ಕಲಸಿದ ಬ್ಯಾರೆಲ್ಲನ್ನು ಕಾದಿಗೆಯ ನೀರಿನಲ್ಲಿ ತೊಳೆಯಬಾರದು ಎನ್ನುವುದು ಇದಕ್ಕೆ.

ಇಷ್ಟೆಲ್ಲ ಹೋಲಿದರೂ ರೂಪಾಂತರ ಎಂಬುದು ಸ್ವಯಾರ್ಜಿತವೇ. ಮಿಡತೆ, ಜಿರಲೆಗಳನ್ನು ನೋಡಿ, ಅವುಗಳಿಗೆ ಕೋಶಾವಸ್ಥೆ ಇಲ್ಲ. ಕೋಶ ಕಟ್ಟುವ ಪದ್ಧತಿ ಕೀಟಗಳ ಒಂದು ಕವಲಿನಲ್ಲಿ ತಡವಾಗಿ ಹುಟ್ಟಿದ್ದು. ಕಪ್ಪೆಯ ರೂಪಾಂತರ ಬೆನ್ನೆಲುಬಿನ ಪ್ರಾಣಿಗಳ ಕಡೆ ಬೇರೆಯಾಗಿ ಬೆಳೆದದ್ದು. ಎರಡಕ್ಕೂ ಎದುರಾದ ಸಮಸ್ಯೆ ಒಂದೇ ಬಗೆಯದು: ಮರಿಗೂ ತಾಯಿಗೂ ಒಂದೇ ಊಟಕ್ಕೆ ಪೈಪೋಟಿ ಇರಬಾರದು, ಬೇಗ ಮುಗಿದುಹೋಗುವ ಆಹಾರವನ್ನು ಬೇಗ ತಿಂದು ಬೆಳೆಯಬೇಕು. ಆಗಲೇ ಮನೆಯಲ್ಲಿದ್ದ ಗ್ರಾಹಕ, ಕಿಣ್ವಗಳನ್ನು ಬಳಸಿ ಎರಡೂ ತಮ್ಮ ತಮ್ಮ ಉಪಾಯ ಕಂಡುಕೊಂಡವು.

ಸಮಯ ನೋಡಿಕೊಳ್ಳುವುದರಲ್ಲೂ ಎರಡೂ ಜಾಣ. ಮರಿಹುಳು ಒಂದು ನಿರ್ದಿಷ್ಟ ತೂಕ ದಾಟಿದ ಮೇಲೆ ಉಪವಾಸ ಕೆಡವಿದರೂ ಹಿಂದೆ ಸರಿಯುವುದಿಲ್ಲ, ಸಣ್ಣ ನೊಣವಾಗಿಯಾದರೂ ಹೊರಬರುತ್ತದೆ. ಕುಮಟಾ, ಹೊನ್ನಾವರದ ಚಿರೆಕಲ್ಲು ಕ್ವಾರಿಯ ಹೊಂಡಗಳಂಥ ಜಾಗದಲ್ಲಿ ಮಳೆ ಬಿಟ್ಟು ನೀರು ಬತ್ತತೊಡಗಿದರೆ ಎಷ್ಟೋ ಜಾತಿಯ ಗೊದಮೊಟ್ಟೆಗಳು ಅವಸರ ಮಾಡುತ್ತವೆ. ಒತ್ತಡದ ಹಾರ್ಮೋನುಗಳು ಏರಿ ಥೈರಾಯ್ಡನ್ನು ತಟ್ಟುತ್ತವೆ, ಗಾತ್ರ ಕಡಿಮೆಯಿದ್ದರೂ ಕಾಲು ಬರುತ್ತದೆ.

ಗೊದಮೊಟ್ಟೆಯ ಹಂತವನ್ನೇ ಬಿಟ್ಟ ಕಪ್ಪೆಗಳೂ ನಮ್ಮಲ್ಲಿವೆ. ಮಳೆಗಾಲದ ರಾತ್ರಿ ಪೊದೆಯಲ್ಲಿ ಕೂತು ಟಿಕ್ ಟಿಕ್ ಎನ್ನುವ ರಾವೊರ್ಕೆಸ್ಟಿಸ್ ಗುಂಪಿನ ಪುಟ್ಟ ಕಪ್ಪೆಗಳು ನೀರಿಗೆ ಹೋಗದೆ ಮೊಟ್ಟೆಯಿಡುತ್ತವೆ, ಮೊಟ್ಟೆಯಿಂದ ನೇರ ಕಪ್ಪೆಮರಿಯೇ ಹೊರಬರುತ್ತದೆ. ಹೀಗೆಯೇ ಬೆಳೆಯುವ ಪೋರ್ಟೊರಿಕೊ ದ್ವೀಪದ ಕೊಕೀ ಕಪ್ಪೆಯನ್ನು ಪರೀಕ್ಷಿಸಿದಾಗ, ಥೈರಾಯ್ಡ್ ಹಾರ್ಮೋನ್ ಮೊಟ್ಟೆಯ ಒಳಗೇ ತನ್ನ ಕೆಲಸ ಮುಗಿಸುತ್ತದೆ ಎಂದು ಗೊತ್ತಾಯಿತು. ಸಿದ್ದಾಪುರ ತಾಲೂಕಿನ ಕತ್ತಲೆಕಾನಿನ ಕುಂಬಾರ ಕಪ್ಪೆಯದು ಇನ್ನೊಂದು ದಾರಿ. 2014ರಲ್ಲಿ ವಿಜ್ಞಾನಕ್ಕೆ ಪರಿಚಯವಾದ ಈ ಇರುಳುಗಪ್ಪೆಯ ಗಂಡು, ತೊರೆಯ ಮೇಲಿನ ಕಡ್ಡಿಗೆ ಅಂಟಿದ ಮೊಟ್ಟೆಗಳಿಗೆ ಮುಂಗಾಲಿನಿಂದ ಕೆಸರು ಮೆತ್ತುತ್ತದೆ. ಅದರ ಮರಿಗಳು ನೀರಿಗಿಳಿದು ಗೊದಮೊಟ್ಟೆಯಾಗಿಯೇ ಬೆಳೆಯುತ್ತವೆ.

ಇನ್ನು ಮೊಟ್ಟೆಯ ಒಳಗೆ ನಡೆಯುವುದು. ಫಲಿತ ಮೊಟ್ಟೆ ಮೊದಲ ಗಂಟೆಗಳಲ್ಲಿ ತನ್ನ ಸ್ವಂತ ಜೀನ್‌ಗಳನ್ನು ಬಹುತೇಕ ಮುಟ್ಟುವುದೇ ಇಲ್ಲ. ತಾಯಿ ತುಂಬಿಟ್ಟ ಆರ್‌ಎನ್‌ಎ, ಪ್ರೋಟೀನುಗಳ ಬಲದ ಮೇಲೆ ವೇಗವಾಗಿ ವಿಭಜಿಸುತ್ತದೆ. ಪ್ರಯೋಗಾಲಯಗಳ ಆಫ್ರಿಕಾದ ಕಪ್ಪೆ ಜೆನೊಪಸ್‌ನಲ್ಲಿ 12 ಸುತ್ತು ವಿಭಜನೆ ಆಗಿ ಸುಮಾರು 4000 ಜೀವಕೋಶಗಳಾದ ಮೇಲೆ, ನೊಣದಲ್ಲಿ 13 ಸುತ್ತು ಆಗಿ ಸುಮಾರು 6000 ಕೇಂದ್ರಬಿಂದುಗಳು, ಅಂದರೆ ಜೀವಕೋಶದ ನ್ಯೂಕ್ಲಿಯಸ್‌ಗಳು, ಆಗುವ ಹೊತ್ತಿಗೆ ಮರಿಯ ಜೀನ್‌ಗಳು ಪೂರ್ತಿ ಎಚ್ಚರವಾಗುತ್ತವೆ. ಕಪ್ಪೆಯ ಮೊಟ್ಟೆ ಪ್ರತಿ ಸಲವೂ ಇಡಿಯಾಗಿ ಸೀಳುತ್ತದೆ. ನೊಣದಲ್ಲಿ ಕೇಂದ್ರಬಿಂದುಗಳು ಮಾತ್ರ ಹೆಚ್ಚುತ್ತ ಹೋಗಿ, ನಡುವೆ ಗೋಡೆ ಏಳುವುದು ಕೊನೆಗೆ.

ತಾಯಿ ಇಟ್ಟ ವಸ್ತು ಮೊಟ್ಟೆಯ ತುಂಬ ಸಮವಾಗಿ ಹರಡಿರುವುದಿಲ್ಲ, ಗುಟ್ಟು ಇರುವುದೇ ಇಲ್ಲಿ. ನೊಣದ ಮೊಟ್ಟೆಯ ಮುಂತುದಿಯಲ್ಲಿ ಬೈಕಾಯ್ಡ್ ಎಂಬ ಜೀನಿನ ಆರ್‌ಎನ್‌ಎ ಕಟ್ಟಿಹಾಕಿದ್ದಾಗಿರುತ್ತದೆ. ಅದರಿಂದ ತಯಾರಾದ ಪ್ರೋಟೀನು ಮುಂತುದಿಯಲ್ಲಿ ದಟ್ಟವಾಗಿ, ಹಿಂದೆ ಹೋದಂತೆ ತೆಳುವಾಗಿ ಹರಡುತ್ತದೆ. ದಟ್ಟ ಇರುವಲ್ಲಿ ತಲೆ, ನಡುಪ್ರಮಾಣ ಇರುವಲ್ಲಿ ಎದೆ. ಕಪ್ಪೆಯ ಮೊಟ್ಟೆಯಲ್ಲೂ ಮೇಲರ್ಧ ಕಪ್ಪು, ಕೆಳಗರ್ಧ ಮಾಸಲು ಬಿಳಿ ಇರುವುದನ್ನು ಯಾರಾದರೂ ನೋಡಬಹುದು. ಕೆಳಗಿನ ಭಾಗದಲ್ಲಿ ಬೇರೆ ಆರ್‌ಎನ್‌ಎಗಳು ಕೂಡಿಕೊಂಡಿರುತ್ತವೆ, ಕರುಳಾಗಬೇಕಾದ ಜೀವಕೋಶ ಯಾವುದೆಂದು ಅವು ನಿರ್ಧರಿಸುತ್ತವೆ. ಪದ್ಧತಿ ಒಂದೇ, ವಸ್ತು ಬೇರೆ. ಬೈಕಾಯ್ಡ್ ಕಪ್ಪೆಯಲ್ಲಿ ಇಲ್ಲವೇ ಇಲ್ಲ.

ಪಿತ್ರಾರ್ಜಿತದ ಗಟ್ಟಿ ಪುರಾವೆ ಬೆನ್ನು, ಹೊಟ್ಟೆಯ ವಿಷಯದಲ್ಲಿದೆ. 1924ರಲ್ಲಿ ಜರ್ಮನಿಯ ಹಾನ್ಸ್ ಸ್ಪೇಮನ್ ಮತ್ತು ಹಿಲ್ಡ ಮ್ಯಾಂಗೋಲ್ಡ್, ಕಪ್ಪೆಯ ಬಂಧುವಾದ ನ್ಯೂಟಿನ ಭ್ರೂಣದ ಒಂದು ಚೂರನ್ನು ಇನ್ನೊಂದು ಭ್ರೂಣದ ಹೊಟ್ಟೆಯ ಕಡೆ ನಾಟಿದ ಪ್ರಯೋಗವನ್ನು ಪ್ರಕಟಿಸಿದರು. ಅಲ್ಲಿ ಎರಡನೆಯ ಬೆನ್ನು, ಎರಡನೆಯ ನರಹುರಿ ಬೆಳೆದಿತ್ತು. ಕೈಯಾರೆ ಆ ಪ್ರಯೋಗ ಮಾಡಿದ ಮ್ಯಾಂಗೋಲ್ಡ್ ಅದೇ ವರ್ಷ ತೀರಿಕೊಂಡರು, 1935ರ ನೊಬೆಲ್ ಸ್ಪೇಮನ್ನರೊಬ್ಬರಿಗೇ ಬಂತು. ಆ ಚೂರಿನಲ್ಲಿ ಏನಿತ್ತು ಎಂದು ತಿಳಿಯಲು ಎಪ್ಪತ್ತು ವರ್ಷ ಹಿಡಿಯಿತು. ಕಾರ್ಡಿನ್ ಎಂಬ ಪ್ರೋಟೀನ್ ಅದರಲ್ಲಿ ಮುಖ್ಯವಾದದ್ದು. ಬಿಎಂಪಿ ಎಂಬ ಸಂಕೇತವನ್ನು ಅದು ಕಟ್ಟಿಹಾಕುತ್ತದೆ, ಹಾಗೆ ಕಟ್ಟಿಹಾಕಿದ ಕಡೆ ನರಮಂಡಲ ಮೂಡುತ್ತದೆ.

ನೊಣದಲ್ಲಿ ಬಿಎಂಪಿಯ ಜೋಡಿ ಡಿಪಿಪಿ, ಕಾರ್ಡಿನ್ನಿನ ಜೋಡಿ ಸಾಗ್. ಕೆಲಸವೂ ಅದೇ, ಆದರೆ ದಿಕ್ಕು ತಿರುಗುಮುರುಗು. ಕಪ್ಪೆಯಲ್ಲಿ ಬಿಎಂಪಿ ಹೊಟ್ಟೆಯ ಕಡೆ ಹೆಚ್ಚು, ನರಹುರಿ ಬೆನ್ನಿನಲ್ಲಿ. ನೊಣದಲ್ಲಿ ಡಿಪಿಪಿ ಬೆನ್ನಿನ ಕಡೆ ಹೆಚ್ಚು, ನರಹುರಿ ಹೊಟ್ಟೆಯ ಕಡೆ. ಕೀಟವೆಂದರೆ ಅಂಗಾತ ಮಲಗಿಸಿದ ಬೆನ್ನೆಲುಬಿನ ಪ್ರಾಣಿಯ ವಿನ್ಯಾಸ ಎಂಬ ಅರ್ಥದ ಮಾತನ್ನು ಫ್ರಾನ್ಸಿನ ಜಾಫ್ರುವಾ ಸೇಂಟ್-ಹಿಲೇರ್ 1822ರಲ್ಲೇ ಮಂಡಿಸಿದ್ದರು. 1990ರ ದಶಕದಲ್ಲಿ ನೊಣದ ಸಾಗ್ ಅನ್ನು ಕಪ್ಪೆಯ ಭ್ರೂಣದ ಹೊಟ್ಟೆಯ ಕಡೆ ಸೇರಿಸಿ ನೋಡಿದರು. ಅಲ್ಲಿ ಕಪ್ಪೆಯ ಬೆನ್ನಿನ ಅಂಗಾಂಶ ಮೂಡಿತು. 50 ಕೋಟಿ ವರ್ಷಗಳ ನಂತರವೂ ಒಂದರ ಸಂಕೇತ ಇನ್ನೊಂದಕ್ಕೆ ಅರ್ಥವಾಗುತ್ತದೆ.

ತಲೆಯಿಂದ ಬಾಲದವರೆಗೆ ಯಾವ ಭಾಗ ಏನಾಗಬೇಕು ಎಂದು ಹೇಳುವ ಹಾಕ್ಸ್ ಜೀನ್‌ಗಳೂ ಹೀಗೆಯೇ. ನೊಣದಲ್ಲಿ 8, ಕ್ರೋಮೋಸೋಮಿನ ಮೇಲೆ ಅವು ಇರುವ ಕ್ರಮವೂ ದೇಹದಲ್ಲಿ ಅವು ಆಳುವ ಭಾಗಗಳ ಕ್ರಮವೂ ಒಂದೇ. ಅವುಗಳಲ್ಲಿ ಒಂದಾದ ಆಂಟೆನಪೀಡಿಯ ತಪ್ಪು ಜಾಗದಲ್ಲಿ ಎಚ್ಚೆತ್ತರೆ ನೊಣದ ತಲೆಯ ಮೇಲೆ ಮೀಸೆಯ ಜಾಗದಲ್ಲಿ ಪೂರ್ತಿ ಕಾಲು ಬೆಳೆಯುತ್ತದೆ. ಈ ಜೀನ್‌ಗಳೆಲ್ಲದರಲ್ಲೂ ಇರುವ 180 ಡಿಎನ್‌ಎ ಅಕ್ಷರಗಳ ಸಮಾನ ತುಣುಕು 1984ರಲ್ಲಿ ಸಿಕ್ಕಿತು, ಅದೇ ವರ್ಷ ಅಂಥದೇ ತುಣುಕನ್ನು ಜೆನೊಪಸ್ ಕಪ್ಪೆಯಿಂದಲೂ ಹೆಕ್ಕಿ ತೆಗೆದರು. ನೊಣದ ಭ್ರೂಣದ ಮೇಲಿನ ಕೆಲಸಕ್ಕೆ ಲೂಯಿಸ್, ನ್ಯುಸ್ಲೈನ್-ಫೋಲ್‌ಹಾರ್ಟ್, ವೀಷಾಸ್ ಮೂವರಿಗೆ 1995ರಲ್ಲಿ ನೊಬೆಲ್ ಸಂದಿತು. ನಮ್ಮ ರಾಜ್ಯದಲ್ಲೂ ಈ ಎರಡು ಪ್ರಾಣಿಗಳ ಅಧ್ಯಯನ ಹಳೆಯದು. ಮೈಸೂರು ವಿಶ್ವವಿದ್ಯಾಲಯದಲ್ಲಿ ಡ್ರೊಸೊಫಿಲ ತಳಿಗಳ ಸಂಗ್ರಹ ಕೇಂದ್ರವಿದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಸ್.ಕೆ. ಸೈದಾಪುರ ಅವರು ಕಪ್ಪೆಗಳ ಸಂತಾನೋತ್ಪತ್ತಿ, ಗೊದಮೊಟ್ಟೆಗಳ ನಡವಳಿಕೆಯ ಮೇಲೆ ದಶಕಗಟ್ಟಲೆ ಕೆಲಸ ಮಾಡಿದರು.

ನೊಣದ ತಲೆಯ ಮೇಲಿನ ಕಾಲಿಗೆ ಸಾಟಿಯಾಗುವ ಸಂಗತಿ ಕಪ್ಪೆಯಲ್ಲಿ ಕಂಡಿದ್ದು ಭಾರತದಲ್ಲೇ. ಒಡಿಶಾದ ಉತ್ಕಲ ವಿಶ್ವವಿದ್ಯಾಲಯದ ಪ್ರಿಯಂಬದಾ ಮೊಹಾಂತಿ ಹೆಜ್ಮಾಡಿ ಮತ್ತು ಸಂಗಡಿಗರು ಕರ್ನಾಟಕದಲ್ಲೂ ಇರುವ ಉಪೆರೊಡಾನ್ ಸಿಸ್ಟೋಮ ಎಂಬ ಗುಂಡುಗಪ್ಪೆಯ ಗೊದಮೊಟ್ಟೆಗಳ ಬಾಲ ಕತ್ತರಿಸಿ, ಅವನ್ನು ಎ ಜೀವಸತ್ವದ ದ್ರಾವಣದಲ್ಲಿ ಇಟ್ಟರು. ಬಾಲ ಮತ್ತೆ ಬೆಳೆಯಬೇಕಿದ್ದ ಜಾಗದಲ್ಲಿ ಹಿಂಗಾಲುಗಳು ಬೆಳೆದವು. 1992ರಲ್ಲಿ ಇದು ಪ್ರಕಟವಾಯಿತು, ಮರುವರ್ಷ ಯುರೋಪಿನ ಸಾಮಾನ್ಯ ಕಪ್ಪೆಯಲ್ಲೂ ಅದೇ ಫಲಿತಾಂಶ ಬಂತು. ಎ ಜೀವಸತ್ವದಿಂದ ಹುಟ್ಟುವ ರೆಟಿನೋಯಿಕ್ ಆಮ್ಲಕ್ಕೆ ಹಾಕ್ಸ್ ಜೀನ್‌ಗಳನ್ನು ಎಬ್ಬಿಸುವ ಶಕ್ತಿಯಿದೆ. ಬಾಲದ ಬುಡದ ಜೀವಕೋಶಗಳು ತಾವು ಸೊಂಟದ ಭಾಗದಲ್ಲಿದ್ದೇವೆ ಎಂಬಂತೆ ವರ್ತಿಸಿದ್ದು ಅದರಿಂದ ಎಂಬುದು ಇದಕ್ಕೆ ಕೊಡುವ ವಿವರಣೆ. ಇಲ್ಲಿಯೂ ಲೆಕ್ಕ ಬೇರೆ ಬೇರೆ ಮಾಡಿ ನೋಡಬೇಕು. ಹಾಕ್ಸ್ ಜೀನ್‌ಗಳು ಪಿತ್ರಾರ್ಜಿತ, ಅವನ್ನು ಎಬ್ಬಿಸುವವರು ಬೇರೆ. ನೊಣಕ್ಕೆ ರೆಟಿನೋಯಿಕ್ ಆಮ್ಲದ ಗ್ರಾಹಕವೇ ಇಲ್ಲ, ಅಲ್ಲಿ ಆ ಕೆಲಸ ಬೈಕಾಯ್ಡ್‌ನಿಂದ ಶುರುವಾಗುವ ಜೀನ್‌ಗಳ ಸರಣಿಯದು. ಕಪ್ಪೆಯಲ್ಲಿ ಆ ಗ್ರಾಹಕ ಇದೆ. ಅದು ಡಿಎನ್‌ಎ ಮೇಲೆ ಜೋಡಿಯಾಗುವುದೂ ಆರ್‌ಎಕ್ಸ್‌ಆರ್ ಜೊತೆಗೇ.